ನಕ್ಷತ್ರ ಹುಟ್ಟುವ ವೇಗ: ಒಂದು ಪ್ರಶ್ನೆ ನಡೆದುಬಂದ ದಾರಿ

ಸೂರ್ಯನಿರುವ ಕ್ಷೀರಪಥ ಗ್ಯಾಲಕ್ಸಿಯಲ್ಲಿ ಈಗ ವರ್ಷಕ್ಕೆ ಸುಮಾರು ಎರಡು ಸೂರ್ಯರಷ್ಟು ದ್ರವ್ಯ ಹೊಸ ನಕ್ಷತ್ರಗಳಾಗಿ ಮಾರ್ಪಡುತ್ತಿದೆ. 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ82 ಗಾತ್ರದಲ್ಲಿ ಕ್ಷೀರಪಥಕ್ಕಿಂತ ಎಷ್ಟೋ ಚಿಕ್ಕದು. ಆದರೂ ಅಲ್ಲಿನ ದರ ಇಲ್ಲಿನದರ ಹಲವು ಪಟ್ಟು. ಎರಡು ಗ್ಯಾಲಕ್ಸಿಗಳು ಡಿಕ್ಕಿಯಾಗಿ ಒಂದಾಗುತ್ತಿರುವ ಆರ್ಪ್ 220ರಲ್ಲಿ ದರ ವರ್ಷಕ್ಕೆ ನೂರು ಸೂರ್ಯರನ್ನೂ ಮೀರುತ್ತದೆ. ಕನ್ಯಾ ಗುಚ್ಛದ ನಡುವಿನ ದೈತ್ಯ ಎಂ87ರಲ್ಲಾದರೋ ಹೊಸ ನಕ್ಷತ್ರಗಳ ಹುಟ್ಟು ಹೆಚ್ಚುಕಡಿಮೆ ನಿಂತೇಹೋಗಿದೆ. ಎಲ್ಲ ಕಡೆಯೂ ಗುರುತ್ವ ಒಂದೇ, ಜಲಜನಕ ಒಂದೇ. ದರ ಮಾತ್ರ ಇಷ್ಟು ಬೇರೆಬೇರೆ ಏಕೆ ಎಂಬ ಪ್ರಶ್ನೆ ಖಗೋಳ ವಿಜ್ಞಾನದಲ್ಲಿ ಹಳೆಯದಲ್ಲ. ಅದು ಹುಟ್ಟುವುದಕ್ಕೆ ಮೊದಲು ನಕ್ಷತ್ರಗಳು ಇವತ್ತಿಗೂ ಹುಟ್ಟುತ್ತಿವೆ ಎಂಬುದೇ ಖಚಿತವಾಗಬೇಕಿತ್ತು.

ಅನಿಲದ ಮೋಡ ತಣ್ಣಗಿದ್ದು ಒಂದು ಮಿತಿಯನ್ನು ಮೀರಿ ಭಾರವಾದರೆ ತನ್ನ ಗುರುತ್ವಕ್ಕೆ ತಾನೇ ಕುಸಿಯುತ್ತದೆಂದು ಬ್ರಿಟನ್ನಿನ ಜೇಮ್ಸ್ ಜೀನ್ಸ್ 1902ರಲ್ಲೇ ಗಣಿತದಿಂದ ತೋರಿಸಿದ್ದರು. ಆದರೆ ಆ ಕುಸಿತ ಯಾವಾಗಲೋ ಒಮ್ಮೆ ನಡೆದು ಮುಗಿದದ್ದೇ, ಈಗಲೂ ನಡೆಯುತ್ತಿರುವುದೇ ಎಂದು ಹೇಳಲು ಆಧಾರವಿರಲಿಲ್ಲ. ಆಧಾರ ಬಂದದ್ದು ಬೇರೆ ದಿಕ್ಕಿನಿಂದ. ನಕ್ಷತ್ರಗಳ ಶಕ್ತಿ ಜಲಜನಕದ ಬೀಜ ಸಮ್ಮಿಲನದಿಂದ ಬರುತ್ತದೆಂದು 1939ರಲ್ಲಿ ಹಾನ್ಸ್ ಬೇಥೆ ವಿವರಿಸಿದ ಮೇಲೆ ನಕ್ಷತ್ರಗಳ ಆಯುಸ್ಸನ್ನು ಲೆಕ್ಕ ಹಾಕುವುದು ಸಾಧ್ಯವಾಯಿತು. ಸೂರ್ಯ ಸಾವಿರ ಕೋಟಿ ವರ್ಷ ಬಾಳಬಲ್ಲ; ಅವನ ಮೂವತ್ತು ನಲವತ್ತು ಪಟ್ಟು ತೂಗುವ ನೀಲಿ ನಕ್ಷತ್ರ ಕೆಲವೇ ದಶಲಕ್ಷ ವರ್ಷಗಳಲ್ಲಿ ಇಂಧನ ಮುಗಿಸಿಕೊಳ್ಳುತ್ತದೆ. ಹಾಗಾದರೆ ಅಂಥ ನಕ್ಷತ್ರ ಕಂಡಲ್ಲೆಲ್ಲ ಹುಟ್ಟು ತೀರ ಇತ್ತೀಚಿನದು.

ಆರ್ಮೇನಿಯದ ವಿಕ್ಟರ್ ಅಂಬಾರ್ತ್ಸುಮಿಯಾನ್ 1947ರಲ್ಲಿ ಇದಕ್ಕೆ ಇನ್ನೊಂದು ಸಾಕ್ಷ್ಯ ಸೇರಿಸಿದರು. ಬಿಸಿ ನೀಲಿ ನಕ್ಷತ್ರಗಳ ಕೆಲವು ಗುಂಪುಗಳು ಎಷ್ಟು ಸಡಿಲವಾಗಿವೆಯೆಂದರೆ, ಗ್ಯಾಲಕ್ಸಿಯ ಸೆಳೆತಕ್ಕೆ ಸಿಕ್ಕಿ ಬೇಗನೆ ಚದುರಿಹೋಗಲೇಬೇಕು. ಇನ್ನೂ ಚದುರಿಲ್ಲವೆಂದರೆ ಅವು ಎಳೆಯವು. ತರ್ಕ ಅಚ್ಚುಕಟ್ಟಾಗಿತ್ತು, ನಿರ್ಣಯ ಸರಿಯಾಗಿತ್ತು. ಆದರೆ ಆ ನಕ್ಷತ್ರಗಳು ಅನಿಲದಿಂದಲ್ಲ, ಅತಿಸಾಂದ್ರವಾದ ಯಾವುದೋ ಆದಿದ್ರವ್ಯದಿಂದ ಸಿಡಿದು ಬಂದವು ಎಂಬ ಅಂಬಾರ್ತ್ಸುಮಿಯಾನ್ ಅವರ ನಂಬಿಕೆಗೆ ಆಧಾರ ಸಿಗಲಿಲ್ಲ. ನಕ್ಷತ್ರ ಇಂದೂ ಹುಟ್ಟುತ್ತದೆಂದು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರು ಅದು ಯಾವುದರಿಂದ ಹುಟ್ಟುತ್ತದೆಂಬ ವಿಷಯದಲ್ಲಿ ದಾರಿ ತಪ್ಪಿದ್ದರು.

ಅನಿಲವನ್ನು ಅಳೆಯುವ ಸಾಧನ 1951ರ ಮಾರ್ಚ್‌ನಲ್ಲಿ ಸಿಕ್ಕಿತು. ಹಾರ್ವರ್ಡ್‌ನಲ್ಲಿ ಹೆರಾಲ್ಡ್ ಯೂವೆನ್ ಮತ್ತು ಎಡ್ವರ್ಡ್ ಪರ್ಸೆಲ್ ಜಲಜನಕ ಪರಮಾಣು ಹೊಮ್ಮಿಸುವ 21 ಸೆಂ.ಮೀ. ತರಂಗಾಂತರದ ರೇಡಿಯೋ ಅಲೆಯನ್ನು ಹಿಡಿದರು. ಅದು ಇರಬೇಕೆಂದು ಹಾಲೆಂಡಿನ ಹೆಂಕ್ ವಾನ್ ಡೆ ಹುಲ್ಸ್ಟ್ 1944ರಲ್ಲಿ ಲೆಕ್ಕ ಹಾಕಿದ್ದರು. ಡಚ್ ಖಗೋಳಜ್ಞರು ತಡಮಾಡದೆ ಕ್ಷೀರಪಥದ ಅನಿಲದ ನಕ್ಷೆ ಬರೆಯತೊಡಗಿದರು. ಇತ್ತ 1955ರಲ್ಲಿ ಎಡ್ವಿನ್ ಸಾಲ್ಪೀಟರ್ ನಕ್ಷತ್ರಗಳು ಹುಟ್ಟುವಾಗ ಯಾವ ತೂಕದವು ಎಷ್ಟು ಹುಟ್ಟುತ್ತವೆ ಎಂಬುದಕ್ಕೆ ಸೂತ್ರ ಕೊಟ್ಟರು. ಭಾರವಾದವು ಬಲು ವಿರಳ, ಹಗುರಾದವು ಹೇರಳ. ದೂರದ ಗ್ಯಾಲಕ್ಸಿಯಿಂದ ಕಣ್ಣಿಗೆ ಬೀಳುವುದು ಆ ವಿರಳವಾದ ಭಾರೀ ನಕ್ಷತ್ರಗಳ ಬೆಳಕು ಮಾತ್ರ. ಅದರ ಹಿಂದೆ ಕಾಣದೆ ಉಳಿದ ಹಗುರ ನಕ್ಷತ್ರಗಳು ಎಷ್ಟಿರಬೇಕೆಂದು ಹೇಳುವುದು ಸಾಲ್ಪೀಟರ್ ಸೂತ್ರದ ಬಲದಿಂದ. ಇಂದಿಗೂ ನಕ್ಷತ್ರ ಜನನದ ದರವೆಂದು ಅಚ್ಚಾಗುವ ಪ್ರತಿ ಅಂಕಿಯೊಳಗೂ ಅದು ಅಥವಾ ಅದರ ತಿದ್ದಿದ ರೂಪ ಅಡಗಿದೆ.

ಈ ಎರಡು ಎಳೆಗಳನ್ನು ಹೆಣೆದವರು ಮಾರ್ಟಿನ್ ಷ್ಮಿಟ್. ಲೈಡನ್‌ನಲ್ಲಿ ಕಲಿತು ಅಮೆರಿಕಕ್ಕೆ ಬಂದ ಷ್ಮಿಟ್ 1959ರಲ್ಲಿ ನಕ್ಷತ್ರ ಜನನದ ದರದ ಬಗ್ಗೆ ಬರೆದ ಲೇಖನ ಈ ಕ್ಷೇತ್ರದ ಮೂಲಪಾಠ. ದರವು ಅನಿಲದ ಸಾಂದ್ರತೆಯ ಯಾವುದೋ ಒಂದು ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಅವರ ಊಹೆ. ಆ ಘಾತ ಯಾವುದು ಎಂಬುದು ಪ್ರಶ್ನೆ. ಅವರು ಬಳಸಿದ ಒಂದು ಉಪಾಯ ಹೀಗಿತ್ತು. ಕ್ಷೀರಪಥದ ತಟ್ಟೆಯಲ್ಲಿ ಅನಿಲದ್ದೊಂದು ಪದರವಿದೆ, ಎಳೆಯ ನಕ್ಷತ್ರಗಳದ್ದೊಂದು ಪದರವಿದೆ. ದರವು ಸಾಂದ್ರತೆಗೆ ನೇರ ಅನುಪಾತದಲ್ಲಿದ್ದರೆ ಎರಡೂ ಪದರಗಳ ದಪ್ಪ ಒಂದೇ ಆಗಬೇಕು. ಸಾಂದ್ರತೆಯ ವರ್ಗಕ್ಕೆ ಅನುಪಾತದಲ್ಲಿದ್ದರೆ ಅನಿಲ ಒತ್ತಾಗಿರುವ ನಡುಭಾಗದಲ್ಲೇ ಹುಟ್ಟು ಹೆಚ್ಚಿ, ನಕ್ಷತ್ರಗಳ ಪದರ ತೆಳ್ಳಗಾಗಬೇಕು. ನಿಜವಾಗಿ ಅದು ತೆಳ್ಳಗೇ ಇತ್ತು. ಶ್ವೇತಕುಬ್ಜಗಳ ಎಣಿಕೆ, ನಕ್ಷತ್ರ ಗುಚ್ಛಗಳ ಲೆಕ್ಕ ಮೊದಲಾದ ಬೇರೆ ದಾರಿಗಳಿಂದಲೂ ನೋಡಿ ಘಾತ ಸುಮಾರು 2 ಎಂದು ಷ್ಮಿಟ್ ತೀರ್ಮಾನಿಸಿದರು. ಅನಿಲ ಕರಗುತ್ತ ಬಂದಂತೆ ದರವೂ ಇಳಿಯಬೇಕಾದ್ದರಿಂದ ಹಿಂದಿನ ಕಾಲದಲ್ಲಿ ನಕ್ಷತ್ರಗಳು ಇನ್ನೂ ವೇಗವಾಗಿ ಹುಟ್ಟುತ್ತಿದ್ದವೆಂಬ ನಿರ್ಣಯವೂ ಜೊತೆಗೇ ಬಂತು. ನಾಲ್ಕು ವರ್ಷಗಳ ನಂತರ, 1963ರಲ್ಲಿ, ಇದೇ ಷ್ಮಿಟ್ 3ಸಿ 273 ಎಂಬ ಕ್ವೇಸಾರಿನ ರೋಹಿತದ ಒಗಟು ಬಿಡಿಸಿ ಹೆಸರಾದರು. ಆ ಖ್ಯಾತಿಯ ಮರೆಗೆ ಸರಿದಿದ್ದ 1959ರ ಲೇಖನ ದಶಕಗಳ ಮೇಲೆ ಮತ್ತೆ ಮುನ್ನೆಲೆಗೆ ಬಂತು.

ಸೂರ್ಯನ ಆಸುಪಾಸಿನಿಂದ ಇತರ ಗ್ಯಾಲಕ್ಸಿಗಳಿಗೆ ದಾಟಲು ಅಳತೆಯ ಹೊಸ ವಿಧಾನಗಳು ಬೇಕಿದ್ದವು. ನ್ಯೂಜಿಲೆಂಡಿನಲ್ಲಿ ಬೆಳೆದ ಬಿಯಾಟ್ರಿಸ್ ಟಿನ್ಸ್ಲೆ 1960ರ ದಶಕದಲ್ಲಿ ಟೆಕ್ಸಾಸ್‌ನಲ್ಲಿ ಡಾಕ್ಟರೇಟಿಗಾಗಿ ಮಾಡಿದ ಕೆಲಸ, ಗ್ಯಾಲಕ್ಸಿಯ ಬಣ್ಣದಿಂದಲೇ ಅದರಲ್ಲಿನ ನಕ್ಷತ್ರ ಜನನದ ಚರಿತ್ರೆಯನ್ನು ಓದುವ ವಿದ್ಯೆಗೆ ಬುನಾದಿ ಹಾಕಿತು. ಎಳೆಯ ನಕ್ಷತ್ರಗಳು ನೀಲಿ, ಮುದಿ ನಕ್ಷತ್ರಗಳು ಕೆಂಪು. ಎರಡರ ಬೆರಕೆ ವಯಸ್ಸಾದಂತೆ ಹೇಗೆ ಬದಲಾಗುತ್ತದೆಂದು ಅವರು ಲೆಕ್ಕ ಹಾಕಿದರು. 1978ರಲ್ಲಿ ಯೇಲ್‌ನಲ್ಲಿ ರಿಚರ್ಡ್ ಲಾರ್ಸನ್ ಜೊತೆ ಬರೆದ ಲೇಖನದಲ್ಲಿ, ಹಾಲ್ಟನ್ ಆರ್ಪ್ ಪಟ್ಟಿ ಮಾಡಿದ ವಿಚಿತ್ರ ಆಕಾರದ ಗ್ಯಾಲಕ್ಸಿಗಳ ಬಣ್ಣಗಳು ಸಾಮಾನ್ಯ ಗ್ಯಾಲಕ್ಸಿಗಳಿಗಿಂತ ತೀರ ಚೆದುರಿಕೊಂಡಿವೆ ಎಂದು ತೋರಿಸಿದರು. ಗ್ಯಾಲಕ್ಸಿಗಳು ಒಂದನ್ನೊಂದು ಕಲಕಿದಾಗ ನಕ್ಷತ್ರ ಜನನ ಭುಗಿಲೇಳುತ್ತದೆ ಎಂಬುದೇ ಅದಕ್ಕೆ ವಿವರಣೆ. ಅನಿಲ ಎಷ್ಟಿದೆ ಎಂಬುದಷ್ಟೇ ಸಾಲದು, ಅದಕ್ಕೆ ಏನಾಗುತ್ತಿದೆ ಎಂಬುದೂ ಮುಖ್ಯವೆಂದು ಅಲ್ಲಿಂದ ಸ್ಪಷ್ಟವಾಯಿತು. ಮೂರು ವರ್ಷಗಳ ನಂತರ, ನಲವತ್ತರ ವಯಸ್ಸಿನಲ್ಲಿ ಟಿನ್ಸ್ಲೆ ಕ್ಯಾನ್ಸರಿಗೆ ಬಲಿಯಾದರು.

1983ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ರಾಬರ್ಟ್ ಕೆನಿಕಟ್ ಹತ್ತಿರದ ಸುರುಳಿ ಗ್ಯಾಲಕ್ಸಿಗಳು ಹೈಡ್ರೋಜನ್-ಆಲ್ಫಾ ಎಂಬ ಕೆಂಪು ಗೆರೆಯಲ್ಲಿ ಎಷ್ಟು ಬೆಳಗುತ್ತವೆಂದು ಅಳೆದು ಅದರಿಂದ ದರಗಳನ್ನು ಲೆಕ್ಕ ಮಾಡಿದರು. ಭಾರೀ ನಕ್ಷತ್ರಗಳ ಅತಿನೇರಳೆ ಕಿರಣ ಸುತ್ತಲಿನ ಜಲಜನಕವನ್ನು ಅಯಾನೀಕರಿಸಿದಾಗ ಹೊಮ್ಮುವ ಬೆಳಕು ಅದು; ಎಲ್ಲಿ ಆ ಗೆರೆ ಉಜ್ವಲವೋ ಅಲ್ಲಿ ನಕ್ಷತ್ರಗಳು ಹುಟ್ಟಿ ಹೆಚ್ಚು ಕಾಲವಾಗಿಲ್ಲ. ಅದೇ ವರ್ಷದ ಜನವರಿಯಲ್ಲಿ ಹಾರಿದ ಐರಾಸ್ ಉಪಗ್ರಹ ಹತ್ತು ತಿಂಗಳು ಆಕಾಶವನ್ನು ಅವಕೆಂಪು ಕಿರಣಗಳಲ್ಲಿ ಜಾಲಾಡಿತು. ಹುಟ್ಟುವ ನಕ್ಷತ್ರಗಳ ಬೆಳಕಿನ ಬಹುಪಾಲನ್ನು ಸುತ್ತಲಿನ ಧೂಳು ನುಂಗಿ, ಬಿಸಿಯಾಗಿ, ಅವಕೆಂಪಿನಲ್ಲಿ ಮರಳಿಸುತ್ತದೆ. ಸಾಧಾರಣ ಚಿತ್ರಗಳಲ್ಲಿ ಮಂಕಾಗಿ ಕಾಣುವ ಆರ್ಪ್ 220ರಂಥವು ಲಕ್ಷ ಕೋಟಿ ಸೂರ್ಯರಿಗೂ ಮೀರಿ ಬೆಳಗುತ್ತಿರುವುದು ಬಯಲಾದದ್ದು ಹೀಗೆ.

ಕೆನಿಕಟ್ 1998ರಲ್ಲಿ 61 ಸಾಮಾನ್ಯ ಸುರುಳಿ ಗ್ಯಾಲಕ್ಸಿಗಳನ್ನೂ ನಕ್ಷತ್ರ ಜನನ ಭುಗಿಲೆದ್ದಿರುವ 36 ಗ್ಯಾಲಕ್ಸಿಗಳನ್ನೂ ಒಂದೇ ರೇಖಾಚಿತ್ರದಲ್ಲಿಟ್ಟರು. ಒಂದು ಅಕ್ಷದಲ್ಲಿ ತಟ್ಟೆಯ ಪ್ರತಿ ಚದರಳತೆಗೆ ಇರುವ ಅನಿಲ, ಇನ್ನೊಂದರಲ್ಲಿ ಅಷ್ಟೇ ಜಾಗದಲ್ಲಿ ಹುಟ್ಟುವ ನಕ್ಷತ್ರ. ಲಕ್ಷಾಂತರ ಪಟ್ಟು ವ್ಯತ್ಯಾಸವಿರುವ ದರಗಳೆಲ್ಲ ಒಂದೇ ನೇರ ಗೆರೆಯ ಗುಂಟ ಬಂದು ಕೂತವು, ಘಾತ 1.4. ಷ್ಮಿಟ್-ಕೆನಿಕಟ್ ನಿಯಮವೆಂದು ಹೆಸರಾದದ್ದು ಇದೇ. ಆದರೆ ಅದೇ ಅಂಕಿಗಳಿಗೆ, ಗ್ಯಾಲಕ್ಸಿ ಒಂದು ಸುತ್ತು ತಿರುಗುವುದರೊಳಗೆ ತನ್ನ ಅನಿಲದ ಹತ್ತರಲ್ಲೊಂದು ಪಾಲನ್ನು ನಕ್ಷತ್ರವಾಗಿಸುತ್ತದೆ ಎಂದು ಹೇಳಿದರೂ ಅಷ್ಟೇ ಚೆನ್ನಾಗಿ ಹೊಂದುತ್ತಿತ್ತು. ಗೆರೆ ಎಷ್ಟೇ ಚೊಕ್ಕವಾಗಿರಲಿ, ಕಾರಣ ಯಾವುದೆಂದು ಅದು ಹೇಳಲಿಲ್ಲ.

ಕಾರಣ ಹುಡುಕುವವರು ಅದಕ್ಕೂ ಬಹಳ ಮೊದಲೇ ಮೋಡಗಳೊಳಗೆ ಇಳಿದಿದ್ದರು. ಪರಮಾಣುವಾಗಿ ಹರಡಿಕೊಂಡಿರುವ ಜಲಜನಕ ನೇರವಾಗಿ ನಕ್ಷತ್ರವಾಗುವುದಿಲ್ಲ. ಅದು ತಣ್ಣಗಾಗಿ, ಒತ್ತಾಗಿ, ಅಣುವಿನ ರೂಪ ತಾಳಿದ ಮೋಡಗಳಲ್ಲೇ ನಕ್ಷತ್ರ ಹುಟ್ಟುವುದು. ತೊಡಕೆಂದರೆ ತಣ್ಣಗಿನ ಜಲಜನಕ ಅಣು ತನ್ನ ಇರವನ್ನು ಸಾರುವ ಯಾವ ಅಲೆಯನ್ನೂ ಹೊಮ್ಮಿಸುವುದಿಲ್ಲ. ವಿಶ್ವದ ಆದಿಯ ಮೈಕ್ರೋವೇವ್ ವಿಕಿರಣವನ್ನು ಕಂಡುಹಿಡಿದಿದ್ದ ಆರ್ನೋ ಪೆಂಜಿಯಾಸ್, ರಾಬರ್ಟ್ ವಿಲ್ಸನ್ ಅವರೇ ಕೀತ್ ಜೆಫರ್ಟ್ಸ್ ಜೊತೆಗೂಡಿ 1970ರಲ್ಲಿ ಇದಕ್ಕೆ ದಾರಿ ತೆರೆದರು. ಆರಿಜೋನಾದ ಕಿಟ್ ಪೀಕ್‌ನಲ್ಲಿದ್ದ 36 ಅಡಿಯ ರೇಡಿಯೋ ತಟ್ಟೆಯನ್ನು ಮಹಾವ್ಯಾಧ ನೀಹಾರಿಕೆಯತ್ತ ತಿರುಗಿಸಿದಾಗ 2.6 ಮಿ.ಮೀ. ತರಂಗಾಂತರದಲ್ಲಿ ಕಾರ್ಬನ್ ಮಾನಾಕ್ಸೈಡಿನ ಸಂಕೇತ ಅನಿರೀಕ್ಷಿತವಾದಷ್ಟು ಪ್ರಬಲವಾಗಿ ಬಂತು. ಜಲಜನಕ ಅಣುಗಳ ನಡುವೆ ಅಲ್ಪ ಪ್ರಮಾಣದಲ್ಲಿರುವ ಈ ಅನಿಲದ ಅಲೆಯಿಂದಲೇ ಅಂದಿನಿಂದ ಮೋಡದ ತೂಕ ಕಟ್ಟುವ ಪದ್ಧತಿ ಬೆಳೆದಿದೆ.

ತೂಕ ಸಿಕ್ಕಿದ ಕೂಡಲೇ ಸಂಕಟ ಎದುರಾಯಿತು. ಕ್ಷೀರಪಥದ ಅಣು ಮೋಡಗಳಲ್ಲಿ ಒಟ್ಟು ನೂರು ಕೋಟಿ ಸೂರ್ಯರಷ್ಟು ಅನಿಲವಿದೆ. ತಡೆಯಿಲ್ಲದೆ ಬಿಟ್ಟರೆ ಅಂಥ ಮೋಡ ಕೆಲವೇ ದಶಲಕ್ಷ ವರ್ಷಗಳಲ್ಲಿ ಕುಸಿಯಬೇಕು. ಭಾಗಿಸಿ ನೋಡಿದರೆ ವರ್ಷಕ್ಕೆ ಇನ್ನೂರು ಮುನ್ನೂರು ಸೂರ್ಯರು ಹುಟ್ಟಬೇಕು, ಹುಟ್ಟುವುದು ಎರಡು. ಬೆಂಜಮಿನ್ ಜುಕರ್‌ಮನ್, ಪ್ಯಾಟ್ರಿಕ್ ಪಾಮರ್, ನೀಲ್ ಎವಾನ್ಸ್ ಮೊದಲಾದವರು 1974ರಲ್ಲಿ ಈ ಅಂತರವನ್ನು ಎತ್ತಿ ತೋರಿಸಿದರು. ಪ್ರಶ್ನೆಯೇ ಆಗ ತಿರುವು ಮುರುವಾಯಿತು. ನಕ್ಷತ್ರ ಹುಟ್ಟಿಸುವುದು ಯಾವುದೆಂದು ಹುಡುಕುತ್ತಿದ್ದವರು, ಇನ್ನೂ ನೂರು ಪಟ್ಟು ಹುಟ್ಟಬೇಕಾದುದನ್ನು ತಡೆಯುತ್ತಿರುವುದು ಯಾವುದೆಂದು ಹುಡುಕತೊಡಗಿದರು. ಈ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಮೊದಲ ಉತ್ತರ ಕಾಂತಕ್ಷೇತ್ರ. ಮೋಡದ ಅನಿಲ ಅಲ್ಪಸ್ವಲ್ಪ ಅಯಾನೀಕೃತವಾಗಿರುವುದರಿಂದ ಕಾಂತರೇಖೆಗಳಿಗೆ ಅಂಟಿಕೊಂಡಿರುತ್ತದೆ. ಆ ರೇಖೆಗಳು ಕುಸಿತವನ್ನು ತಡೆಯುತ್ತವೆ. ನಿಧಾನವಾಗಿ ಅನಿಲ ಅವುಗಳಿಂದ ಜಾರಿಕೊಂಡ ಮೇಲಷ್ಟೇ ನಕ್ಷತ್ರ. ಫ್ರಾಂಕ್ ಶು ಮತ್ತು ಸಂಗಡಿಗರು 1980ರ ದಶಕದಲ್ಲಿ ಈ ಚಿತ್ರವನ್ನು ವಿವರವಾಗಿ ಬೆಳೆಸಿದರು. ಆದರೆ ಮೋಡಗಳ ಕಾಂತಕ್ಷೇತ್ರವನ್ನು ನಿಜವಾಗಿ ಅಳೆದಾಗ, ಒತ್ತಾದ ಮೋಡಗಳನ್ನು ಅದೊಂದೇ ತಡೆದು ನಿಲ್ಲಿಸುವಷ್ಟು ಬಲವಾಗಿ ಕಾಣಲಿಲ್ಲ. ಎರಡನೆಯ ಉತ್ತರ ಪ್ರಕ್ಷುಬ್ಧತೆ. ದೊಡ್ಡ ಮೋಡಗಳಲ್ಲಿ ಅನಿಲದ ಒಳಚಲನೆ ಹೆಚ್ಚು, ಚಿಕ್ಕವುಗಳಲ್ಲಿ ಕಡಿಮೆ ಎಂಬ ಕ್ರಮಬದ್ಧ ಸಂಬಂಧವನ್ನು 1981ರಲ್ಲಿ ಅದೇ ರಿಚರ್ಡ್ ಲಾರ್ಸನ್ ಗುರುತಿಸಿದರು. ಮೋಡದೊಳಗೆ ಅನಿಲ ಶಬ್ದವೇಗವನ್ನು ಮೀರಿ ಕದಡುತ್ತಿರುತ್ತದೆ. ಒಂದು ಕಡೆ ಒತ್ತಿ ಗಂಟು ಕಟ್ಟಿಸುತ್ತ, ಇನ್ನೊಂದು ಕಡೆ ಕಟ್ಟಿದ್ದನ್ನು ಚದುರಿಸುತ್ತ ಒಟ್ಟು ಕುಸಿತವನ್ನು ತಡೆಹಿಡಿಯುತ್ತದೆ. ಮಾರ್ಕ್ ಕ್ರಮ್‌ಹೋಲ್ಜ್ ಮತ್ತು ಕ್ರಿಸ್ಟೋಫರ್ ಮೆಕ್ಕೀ 2005ರಲ್ಲಿ ಈ ನೆಲೆಯ ಮೇಲೆ, ಒಂದು ಕುಸಿತದ ಅವಧಿಯಲ್ಲಿ ಮೋಡದ ನೂರರಲ್ಲಿ ಒಂದು ಪಾಲಷ್ಟೇ ನಕ್ಷತ್ರವಾಗುತ್ತದೆಂದು ಲೆಕ್ಕ ತೋರಿಸಿದರು. ಇಲ್ಲಿಯೂ ಒಂದು ಕೊಕ್ಕೆ ಇದೆ. ಕಂಪ್ಯೂಟರ್ ಅನುಕರಣೆಗಳ ಪ್ರಕಾರ ಇಂಥ ಕದಡಾಟ ಬೇಗನೆ ಅಡಗಿಹೋಗುತ್ತದೆ. ಹೊರಗಿನಿಂದ ಅಥವಾ ಒಳಗಿನ ನಕ್ಷತ್ರಗಳಿಂದ ಶಕ್ತಿ ಸಿಗುತ್ತಲೇ ಇರಬೇಕು.

2008ರಲ್ಲಿ ಫ್ರಾಂಕ್ ಬೀಗಲ್, ಆಡಂ ಲೆರಾಯ್ ಮತ್ತು ಸಂಗಡಿಗರು ಹತ್ತಿರದ ಗ್ಯಾಲಕ್ಸಿಗಳನ್ನು ಇಡಿಯಾಗಿ ಅಲ್ಲದೆ ತುಂಡುತುಂಡಾಗಿ ನೋಡಿದರು. ಅಣುರೂಪದ ಅನಿಲ ಎಲ್ಲೆಲ್ಲಿ ಎಷ್ಟಿದೆಯೋ ನಕ್ಷತ್ರ ಜನನವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿತ್ತು. ಪರಮಾಣುರೂಪದ ಅನಿಲಕ್ಕೂ ದರಕ್ಕೂ ನಂಟು ತೀರ ಸಡಿಲ. ಈಗಿನ ವೇಗದಲ್ಲಿ ಆ ಅಣು ಅನಿಲ ಖರ್ಚಾಗಲು ಸುಮಾರು 200 ಕೋಟಿ ವರ್ಷ ಸಾಕು. ಮೋಡದ ದೃಷ್ಟಿಯಿಂದ ಇದು ಅತಿ ನಿಧಾನ, ಗ್ಯಾಲಕ್ಸಿಯ ವಯಸ್ಸಿನ ದೃಷ್ಟಿಯಿಂದ ಅತಿ ಬೇಗ. ಸಾವಿರ ಕೋಟಿ ವರ್ಷಗಳಿಂದ ನಕ್ಷತ್ರ ಹುಟ್ಟಿಸುತ್ತ ಬಂದಿರುವ ಗ್ಯಾಲಕ್ಸಿಗೆ ಅನಿಲ ಹೊರಗಿನಿಂದ ಪೂರೈಕೆಯಾಗದಿದ್ದರೆ ಅದು ಎಂದೋ ಬರಿದಾಗಬೇಕಿತ್ತು.

ಪೂರೈಕೆಯ ಪ್ರಶ್ನೆ ದೂರದ ವಿಶ್ವದಿಂದಲೂ ಎದ್ದು ಬಂದಿತ್ತು. 1995ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕವನ್ನು ಸಪ್ತರ್ಷಿ ಮಂಡಲದಲ್ಲಿ ಏನೂ ಇಲ್ಲದಂತೆ ಕಾಣುವ ಒಂದು ಚೂರು ಆಕಾಶದತ್ತ ಹತ್ತು ದಿನ ನೆಟ್ಟು ನಿಲ್ಲಿಸಲಾಯಿತು. ಹಬಲ್ ವೀಕ್ಷಣೆಗಳನ್ನು ನಡೆಸುವ ಸಂಸ್ಥೆಯ ಆಗಿನ ನಿರ್ದೇಶಕ ರಾಬರ್ಟ್ ವಿಲಿಯಮ್ಸ್ ತಮ್ಮ ವಿವೇಚನೆಗೆ ಬಿಟ್ಟಿದ್ದ ವೀಕ್ಷಣಾ ಸಮಯವನ್ನು ಇದಕ್ಕೆ ಮುಡಿಪಿಟ್ಟಿದ್ದರು. ಏನೂ ಕಾಣದೆ ಹೋದೀತೆಂದು ಎಚ್ಚರಿಸಿದವರೂ ಇದ್ದರು. ಸುಮಾರು 3000 ಗ್ಯಾಲಕ್ಸಿಗಳು ಕಂಡವು. ಮರುವರ್ಷವೇ ಪಿಯೆರೊ ಮದಾವು ಮತ್ತು ಸಂಗಡಿಗರು ವಿಶ್ವದ ವಯಸ್ಸಿಗೆ ಎದುರಾಗಿ ನಕ್ಷತ್ರ ಜನನದ ದರವನ್ನಿಟ್ಟು ರೇಖೆ ಎಳೆದರು. ಧೂಳಿನ ಹಿಂದೆ ಅಡಗಿದ್ದ ಪಾಲನ್ನು ಮುಂದಿನ ವರ್ಷಗಳ ಅವಕೆಂಪು ಮತ್ತು ಸಬ್‌ಮಿಲಿಮೀಟರ್ ವೀಕ್ಷಣೆಗಳು ತುಂಬಿಕೊಟ್ಟವು. ಮದಾವು ಮತ್ತು ಮಾರ್ಕ್ ಡಿಕಿನ್ಸನ್ 2014ರಲ್ಲಿ ಒಟ್ಟುಗೂಡಿಸಿದ ಲೆಕ್ಕದಂತೆ ವಿಶ್ವದಲ್ಲಿ ನಕ್ಷತ್ರ ಜನನ ಉತ್ತುಂಗದಲ್ಲಿದ್ದದ್ದು ಮಹಾಸ್ಫೋಟದಿಂದ ಸುಮಾರು 350 ಕೋಟಿ ವರ್ಷಗಳ ನಂತರ; ಈಗಿನ ದರ ಆಗಿನದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಈ ಉತ್ತುಂಗಕ್ಕೆ ಗ್ಯಾಲಕ್ಸಿಗಳ ಡಿಕ್ಕಿಗಳೇ ಕಾರಣವೆಂದು ಬಹಳ ಮಂದಿ ಭಾವಿಸಿದ್ದರು. 2007ರ ಸಮೀಕ್ಷೆಗಳು ಅದನ್ನು ಒಪ್ಪಲಿಲ್ಲ. ನಕ್ಷತ್ರ ಹುಟ್ಟಿಸುವ ಗ್ಯಾಲಕ್ಸಿಗಳಲ್ಲಿ ಬಹುಪಾಲು, ತಮ್ಮ ತೂಕಕ್ಕೆ ತಕ್ಕ ದರದಲ್ಲಿ, ಸದ್ದಿಲ್ಲದೆ ಕೆಲಸ ನಡೆಸುತ್ತಿದ್ದವು. ಹಿಂದಿನ ಕಾಲದಲ್ಲಿ ಆ ದರವೇ ಎತ್ತರದಲ್ಲಿತ್ತು. ಅವುಗಳಲ್ಲಿ ಅನಿಲದ ಪಾಲೂ ಇಂದಿನ ಸುರುಳಿ ಗ್ಯಾಲಕ್ಸಿಗಳಿಗಿಂತ ಎಷ್ಟೋ ಹೆಚ್ಚಿತ್ತೆಂದು ಲಿಂಡಾ ಟಕೋನಿ ತಂಡ 2010ರಲ್ಲಿ ತೋರಿಸಿತು.

ಇದರಿಂದ ಮೂಡಿದ ಚಿತ್ರಕ್ಕೆ ಕೆರೆಯ ಹೋಲಿಕೆ ಒಪ್ಪುತ್ತದೆ. ಹೊರಗಿನಿಂದ ಅನಿಲ ಹರಿದು ಬರುತ್ತದೆ; ತೂಬಿನಿಂದ ಇಳಿದದ್ದು ನಕ್ಷತ್ರವಾಗುತ್ತದೆ; ಒಂದಿಷ್ಟು ಕೋಡಿ ಬಿದ್ದು ಆಚೆ ಹೋಗುತ್ತದೆ. ನೀರು ಏರಿದಷ್ಟೂ ತೂಬಿನ ರಭಸ ಹೆಚ್ಚುವುದರಿಂದ ಸ್ವಲ್ಪ ಕಾಲದಲ್ಲೇ ಒಳಹರಿವು, ಹೊರಹರಿವು ಸರಿತೂಗುತ್ತವೆ. ಆಮೇಲೆ ತೂಬಿನ ಅಗಲಕ್ಕಿಂತ ಮಳೆಯೇ ಮುಖ್ಯ. ಮೋಡದೊಳಗಿನ ಕಾಂತಕ್ಷೇತ್ರ, ಕದಡಾಟಗಳೆಲ್ಲ ತೂಬನ್ನು ನಿರ್ಧರಿಸುತ್ತವೆ. ದೀರ್ಘಕಾಲದ ದರವನ್ನು ಆಳುವುದು ಒಳಹರಿವು ಮತ್ತು ಕೋಡಿ. 2010ರ ಸುಮಾರಿನಿಂದ ಹಲವು ತಂಡಗಳು ಕಟ್ಟಿದ ಮಾದರಿಗಳ ತಿರುಳು ಇಷ್ಟೇ. ಇದು ಸರಳವಾದರೂ ಷ್ಮಿಟ್ ನಿಯಮಕ್ಕಿಂತ ಆಳಕ್ಕೆ ಹೋಗುತ್ತದೆ.

ಕೋಡಿ ಬೀಳುವುದನ್ನು ಕಣ್ಣಾರೆ ಕಾಣಬಹುದಾದ ಜಾಗ ಎಂ82. ಅದರ ತಟ್ಟೆ ಅಡ್ಡಲಾಗಿ, ತೆಳುವಾಗಿ ಕಾಣುತ್ತದೆ. ಅದಕ್ಕೆ ಲಂಬವಾಗಿ ಎರಡೂ ಬದಿಗೆ ಕೆಂಪು ಎಳೆಗಳು ಸಾವಿರಾರು ಜ್ಯೋತಿರ್ವರ್ಷ ಉದ್ದಕ್ಕೆ ಚಾಚಿವೆ. 1963ರಲ್ಲಿ ರೋಜರ್ ಲಿಂಡ್ಸ್ ಮತ್ತು ಆಲನ್ ಸ್ಯಾಂಡೇಜ್ ಅದನ್ನು ಆ ಗ್ಯಾಲಕ್ಸಿಯ ನಡುವಿನ ಭಾರೀ ಸ್ಫೋಟವೊಂದರ ಗುರುತೆಂದರು. ಒಂದೇ ಸ್ಫೋಟವಲ್ಲ, ಸಾಲುಸಾಲಾಗಿ ಸಿಡಿದ ಸೂಪರ್‌ನೋವಾಗಳು ಅನಿಲವನ್ನು ಊದಿ ಹೊರದಬ್ಬುತ್ತಿವೆಯೆಂಬುದು ಈಗಿನ ತಿಳಿವಳಿಕೆ. ಹಗುರ ಗ್ಯಾಲಕ್ಸಿಯ ಗುರುತ್ವ ದುರ್ಬಲವಾದ್ದರಿಂದ ಸೂಪರ್‌ನೋವಾಗಳು ಅದರ ಅನಿಲವನ್ನು ಸುಲಭವಾಗಿ ತೂರಿಬಿಡುತ್ತವೆಂದು ಲಾರ್ಸನ್ 1974ರಲ್ಲಿ, ಅವಿಷೈ ಡೆಕೆಲ್ ಮತ್ತು ಜೋಸೆಫ್ ಸಿಲ್ಕ್ 1986ರಲ್ಲಿ ವಾದಿಸಿದ್ದರು. ಹೊಸ ನಕ್ಷತ್ರಗಳೇ ಮುಂದಿನ ನಕ್ಷತ್ರಗಳ ಹುಟ್ಟಿಗೆ ಕಡಿವಾಣ ಹಾಕುವ ಏರ್ಪಾಡಿದು.

ಭಾರೀ ಗ್ಯಾಲಕ್ಸಿಗಳಲ್ಲಿ ಸೂಪರ್‌ನೋವಾಗಳ ಬಲ ಸಾಲದು; ಆದರೂ ಅಲ್ಲೇ ಹುಟ್ಟು ನಿಂತಿರುವುದು. ಅಲ್ಲಿ ಕೆಲಸ ಮಾಡುವುದು ನಡುವಿನ ಕಪ್ಪುಕುಳಿ. ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ ಬಿಸಿ ಅನಿಲ ತಣಿದು ಕೇಂದ್ರಕ್ಕೆ ಸುರಿಯಬೇಕು, ವರ್ಷಕ್ಕೆ ನೂರಾರು ಸೂರ್ಯರಷ್ಟು. ಸುರಿಯುತ್ತಿಲ್ಲ. ಚಂದ್ರಾ ಎಕ್ಸ್‌ರೇ ದೂರದರ್ಶಕದ ಚಿತ್ರಗಳಲ್ಲಿ ಕಪ್ಪುಕುಳಿಯ ಚಿಮ್ಮುಧಾರೆಗಳು ಆ ಅನಿಲದಲ್ಲಿ ದೊಡ್ಡ ಗುಳ್ಳೆಗಳನ್ನು ಊದಿರುವುದು, ಅವುಗಳಿಂದ ಅಲೆಗಳು ಹರಡಿ ಅನಿಲ ಬಿಸಿಯಾಗಿಯೇ ಉಳಿದಿರುವುದು ಕಾಣುತ್ತದೆ. 2006ರಲ್ಲಿ ಡ್ಯಾರೆನ್ ಕ್ರೋಟನ್ ತಂಡ, ರಿಚರ್ಡ್ ಬೋವರ್ ತಂಡ ಬೇರೆಬೇರೆಯಾಗಿ ಈ ಬಿಸಿಯನ್ನು ತಮ್ಮ ಲೆಕ್ಕದಲ್ಲಿ ಸೇರಿಸಿದಾಗ ದೈತ್ಯ ಗ್ಯಾಲಕ್ಸಿಗಳ ಸಂಖ್ಯೆಯೂ ಕೆಂಪು ಬಣ್ಣವೂ ವೀಕ್ಷಣೆಗೆ ಹೊಂದಿದವು. ಹಗುರದ ಕಡೆ ಸೂಪರ್‌ನೋವಾ, ಭಾರದ ಕಡೆ ಕಪ್ಪುಕುಳಿ; ನಡುವೆ, ಕ್ಷೀರಪಥದ ತೂಕದ ಆಸುಪಾಸಿನಲ್ಲಿ, ಅನಿಲವನ್ನು ನಕ್ಷತ್ರವಾಗಿಸುವ ಕಸುವು ಅತಿ ಹೆಚ್ಚು. ಅಲ್ಲಿಯೂ ಪಾಲಿಗೆ ಬಂದ ಸಾಮಾನ್ಯ ದ್ರವ್ಯದಲ್ಲಿ ಐದರಲ್ಲೊಂದು ಪಾಲಿನಷ್ಟೇ ನಕ್ಷತ್ರವಾಗುವುದು.

ಒಳಹರಿವಿನ ಕುರಿತ ಸಾಕ್ಷ್ಯದಲ್ಲಿ ಭಾರತದ ಪಾಲೂ ಇದೆ. ಪುಣೆ ಜಿಲ್ಲೆಯ ಖೋಡದ್ ಬಳಿಯ ದೈತ್ಯ ಮೀಟರ್‌ವೇವ್ ರೇಡಿಯೋ ದೂರದರ್ಶಕದಿಂದ ಆದಿತ್ಯ ಚೌಧುರಿ, ನಿಸಿಂ ಕಾನೇಕರ್, ಜಯರಾಂ ಚೆಂಗಲೂರ್ ಅವರು, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಠಿ ಮತ್ತು ಕೆ.ಎಸ್. ದ್ವಾರಕಾನಾಥ್ ಜೊತೆಗೂಡಿ 2020ರಲ್ಲಿ ಪ್ರಕಟಿಸಿದ ಫಲಿತಾಂಶ ಅದು. ಸುಮಾರು 800 ಕೋಟಿ ವರ್ಷ ಹಿಂದಿನ ಗ್ಯಾಲಕ್ಸಿಯೊಂದರ 21 ಸೆಂ.ಮೀ. ಅಲೆ ಬಿಡಿಯಾಗಿ ಹಿಡಿಯಲಾಗದಷ್ಟು ಕ್ಷೀಣ. ಹಾಗಾಗಿ 7653 ಗ್ಯಾಲಕ್ಸಿಗಳ ಸಂಕೇತಗಳನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆದರು. ಪರಮಾಣು ಜಲಜನಕ ಅವುಗಳಲ್ಲಿ ಹೇರಳವಾಗಿತ್ತು, ಆದರೆ ಆಗಿನ ರಭಸಕ್ಕೆ ನೂರಿನ್ನೂರು ಕೋಟಿ ವರ್ಷಗಳಲ್ಲಿ ಮುಗಿದುಹೋಗುವಷ್ಟೇ ಇತ್ತು. ಹೊರಗಿನ ಪೂರೈಕೆ ಸಾಲದಾದದ್ದೇ ಮುಂದಿನ ಇಳಿತಕ್ಕೆ ಕಾರಣವೆಂಬ ವಾದಕ್ಕೆ ಇದರಿಂದ ಬಲ ಬಂತು. ಹೊಸಕೋಟೆಯ ಆವರಣದಲ್ಲಿ ಭಾರತೀಯ ಖಭೌತ ಸಂಸ್ಥೆ ಜೋಡಿಸಿ, 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಹಾರಿದ ಅತಿನೇರಳೆ ದೂರದರ್ಶಕ ಹತ್ತಿರದ ಗ್ಯಾಲಕ್ಸಿಗಳಲ್ಲಿ ಎಳೆಯ ನಕ್ಷತ್ರಗಳ ಗೊಂಚಲುಗಳನ್ನು ಬಿಡಿಬಿಡಿಯಾಗಿ ತೋರಿಸಿದೆ.

ಚಿಲಿಯ ಆಲ್ಮಾ ದೂರದರ್ಶಕ ಹತ್ತಿರದ ಗ್ಯಾಲಕ್ಸಿಗಳ ಮೋಡಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ಮೇಲೆ 1974ರ ಸಂಕಟಕ್ಕೆ ಇನ್ನಷ್ಟು ಸ್ಪಷ್ಟ ಉತ್ತರ ಸಿಕ್ಕಿತು. ಒಂದು ಮೋಡದ ಆಯುಸ್ಸು ಒಂದರಿಂದ ಮೂರು ಕೋಟಿ ವರ್ಷ. ಅದರೊಳಗೆ ಭಾರೀ ನಕ್ಷತ್ರ ಹುಟ್ಟಿದ ಕೆಲವೇ ದಶಲಕ್ಷ ವರ್ಷಗಳಲ್ಲಿ, ಸೂಪರ್‌ನೋವಾ ಸಿಡಿಯುವುದಕ್ಕೂ ಮೊದಲೇ, ಅದರ ವಿಕಿರಣ ಮತ್ತು ಮಾರುತ ಉಳಿದ ಮೋಡವನ್ನು ಚದುರಿಸಿಬಿಡುತ್ತವೆ. ನಕ್ಷತ್ರವಾಗಿದ್ದು ನೂರಕ್ಕೆ ಹತ್ತು ಪಾಲಿಗಿಂತ ಕಡಿಮೆ. ಉಳಿದದ್ದು ಮತ್ತೆ ಅನಿಲದ ಕಣಜಕ್ಕೆ.

2021ರ ಕೊನೆಯಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕ ಮಹಾಸ್ಫೋಟದ ಮೊದಲ ಐವತ್ತು ಕೋಟಿ ವರ್ಷಗಳೊಳಗಿನ ಗ್ಯಾಲಕ್ಸಿಗಳನ್ನು ಮಾದರಿಗಳು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಉಜ್ವಲವಾಗಿ ಕಂಡಿತು. 2023ರಲ್ಲಿ ಡೆಕೆಲ್ ಮತ್ತು ಸಂಗಡಿಗರು ಮುಂದಿಟ್ಟ ವಿವರಣೆ ಹಳೆಯ ಲೆಕ್ಕವನ್ನೇ ಆಧರಿಸಿದೆ: ಆ ಕಾಲದ ಅನಿಲ ಎಷ್ಟು ಒತ್ತಾಗಿತ್ತೆಂದರೆ ಮೋಡಗಳು ಸುಮಾರು ಹತ್ತು ಲಕ್ಷ ವರ್ಷಗಳಲ್ಲೇ ಕುಸಿದವು, ಹೊಸ ನಕ್ಷತ್ರಗಳ ಮಾರುತ, ಸೂಪರ್‌ನೋವಾಗಳು ಬಲ ತಾಳುವ ಹೊತ್ತಿಗೆ ಅನಿಲದ ಬಹುಪಾಲು ನಕ್ಷತ್ರವಾಗಿಬಿಟ್ಟಿತ್ತು. ದರ ಸರಾಸರಿಯಲ್ಲಿ ಅಷ್ಟೇನೂ ಹೆಚ್ಚಿರಲಿಲ್ಲ, ಅದು ಬಿಟ್ಟುಬಿಟ್ಟು ಭುಗಿಲೇಳುತ್ತಿತ್ತು, ದೂರದರ್ಶಕಕ್ಕೆ ಬೀಳುತ್ತಿರುವುದು ಭುಗಿಲೆದ್ದ ಗಳಿಗೆಯ ಗ್ಯಾಲಕ್ಸಿಗಳಷ್ಟೇ ಎಂಬುದು ಎದುರು ಪಕ್ಷದ ವಾದ. ಎರಡರಲ್ಲಿ ಯಾವುದು ಸರಿಯೆಂದು ತಿಳಿಯಲು ಈಗ ಆ ಗ್ಯಾಲಕ್ಸಿಗಳ ರೋಹಿತಗಳನ್ನು ಒಂದೊಂದಾಗಿ ತೆಗೆಯಲಾಗುತ್ತಿದೆ.